ಫ್ಲ್ಯಾಟ್ ಕೊಳ್ಳುವ ಮುಂಚೆ ನಕ್ಷೆ ಹಿಡಿದು ಮನೆ ಸುತ್ತಿ

ನಮ್ಮ ಫ್ಲ್ಯಾಟ್‌ನ ಎರಡನೇ ಮಲಗುವ ಕೋಣೆಯಲ್ಲಿ ಒಂದು ಮೆಟ್ಟಿಲಿತ್ತು. ಕೋಣೆಯ ಒಂದು ಬದಿಯನ್ನು ಗೇಣಿಗೆ ಸ್ವಲ್ಪ ಕಡಿಮೆ ಎತ್ತರಿಸಿ, ಮೇಲೆ ಮರದ ನೆಲ ಹಾಕಿ, ಓದುವ ಮೇಜು ಇಟ್ಟಿದ್ದರು. ಅದರ ತುದಿಯಲ್ಲಿ ಪುಟ್ಟ ಬಾತ್‌ರೂಮು. ಮನೆ ನೋಡಲು ಹೋದ ಮೊದಲ ದಿನವೇ ನಾನು ಅಲ್ಲಿ ಎಡವಿದೆ. ಮಾರುವವರು ನಕ್ಕು, "ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ" ಎಂದರು. ನಾವೂ ನಕ್ಕೆವು. ಆ ಮೆಟ್ಟಿಲು ಯಾಕಿದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಬೇರೆಯವರು ವಾಸ ಮಾಡಿದ ಫ್ಲ್ಯಾಟ್ ಕೊಳ್ಳುವ ಯೋಚನೆಯಲ್ಲಿರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ನಾವೇನು ಕಣ್ಣುಮುಚ್ಚಿ ಕೊಂಡವರಲ್ಲ. ವಕೀಲರಿಗೆ ಕಾಗದಪತ್ರ ತೋರಿಸಿದ್ದೆವು. ಮಾಲೀಕತ್ವ ಸರಿಯಿತ್ತು, ಮನೆಯ ಮೇಲೆ ಸಾಲ ಇರಲಿಲ್ಲ, ತೆರಿಗೆ ಬಾಕಿ ಇರಲಿಲ್ಲ. ಮಂಜೂರಾದ ನಕ್ಷೆಯೂ ಅದೇ ಫೈಲಿನಲ್ಲಿತ್ತು! ವಕೀಲರು ನಕ್ಷೆ ನೋಡಿದ್ದರು, ಮನೆ ನೋಡಿರಲಿಲ್ಲ. ನಾವು ಮನೆ ನೋಡಿದ್ದೆವು, ನಕ್ಷೆ ಬಿಚ್ಚಿರಲಿಲ್ಲ. ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟಲು ಬಂದವರು ಹತ್ತು ನಿಮಿಷ ಓಡಾಡಿ ಹೋದರು. ಸಾಲಕ್ಕೆ ತಕ್ಕ ಬೆಲೆ ಇದೆಯಾ ಅಂತ ನೋಡುವುದಷ್ಟೇ ಅವರ ಕೆಲಸ. ಬ್ಯಾಂಕು ಒಪ್ಪಿದೆ ಅಂದರೆ ಎಲ್ಲ ಸರಿಯಿದೆ ಅಂತ ನಾವೇ ಅಂದುಕೊಂಡೆವು. ನಕ್ಷೆಯಲ್ಲಿ ಬಾತ್‌ರೂಮು ಒಂದೇ. ಮನೆಯಲ್ಲಿ ಎರಡು. ಬಾಲ್ಕನಿಯೂ ನಕ್ಷೆಯಲ್ಲಿ ಮಾತ್ರ ಇತ್ತು. ಮನೆಯಲ್ಲಿ ಅದು ಹಾಲ್‌ನೊಳಗೆ ಸೇರಿಹೋಗಿತ್ತು.

ನಾಲ್ಕು ತಿಂಗಳು ಚೆನ್ನಾಗಿಯೇ ಕಳೆಯಿತು. ಹೊಸ ಬಾತ್‌ರೂಮಿನಲ್ಲಿ ಮಾತ್ರ ನೀರು ಸರಿಯಾಗಿ ಇಳಿಯುತ್ತಿರಲಿಲ್ಲ. ಒಂದು ಸಂಜೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಜಗಳಕ್ಕೆ ಬಂದವರಲ್ಲ. "ಒಂದು ನಿಮಿಷ ಕೆಳಗೆ ಬನ್ನಿ" ಎಂದು ಕರೆದುಕೊಂಡು ಹೋದರು. ಅವರ ಮಂಚದ ಮೇಲಿನ ಸೀಲಿಂಗ್‌ನಲ್ಲಿ ಕಂದು ಬಣ್ಣದ ದೊಡ್ಡ ಕಲೆ. "ನಿಮ್ಮ ಬಾತ್‌ರೂಮು ಇರುವುದು ನಮ್ಮ ತಲೆದಿಂಬಿನ ಮೇಲೆ, ಗೊತ್ತಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಫ್ಲ್ಯಾಟ್‌ಗಳಲ್ಲಿ ಬಾತ್‌ರೂಮುಗಳು ಒಂದರ ಮೇಲೊಂದು ಬರುವಂತೆ ಯಾಕೆ ಕಟ್ಟುತ್ತಾರೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಇಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಕಲೆಯನ್ನು ಆಮೇಲೆ ನೋಡಿದರು. ಮೊದಲು ಅಳೆದದ್ದು ಆ ಮೆಟ್ಟಿಲನ್ನು. 18 ಸೆಂಟಿಮೀಟರ್. ಆಮೇಲೆ ಹೊಸ ಕಮೋಡಿನಿಂದ ಹಳೆಯ ಬಾತ್‌ರೂಮಿನ ಪಕ್ಕದ ಮುಖ್ಯ ಪೈಪಿಗೆ ಟೇಪು ಹಿಡಿದರು. 4 ಮೀಟರ್. ನಂತರ ಅಲ್ಲೇ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿ ತೋರಿಸಿದರು. ಪೈಪಿನ ದಪ್ಪ 11 ಸೆಂಟಿಮೀಟರ್. ನೀರು ಹರಿದುಹೋಗಲು 40ಕ್ಕೆ 1ರಂತೆ ವಾಟ, ಅಂದರೆ ಇಳಿಜಾರು, ಕೊಟ್ಟರೆ 4 ಮೀಟರಿಗೆ 10 ಸೆಂಟಿಮೀಟರ್. ಇದರ ಮೇಲೆ ಟೈಲ್ಸು, ಗಾರೆ. ಒಟ್ಟು 24ರ ಹತ್ತಿರ ಬೇಕು. ಇರುವುದು 18. "ಉಳಿದ 6 ಎಲ್ಲಿಂದ ಬಂತು ಅಂತೀರಾ?" ಎಂದು ಕೇಳಿ ಅವರೇ ಸುಮ್ಮನಾದರು.

ಮರದ ನೆಲ ಬಿಚ್ಚಿದಾಗ ಉತ್ತರ ಸಿಕ್ಕಿತು. ಸ್ವಲ್ಪ ವಾಟದಲ್ಲಿ ಕದ್ದಿದ್ದರು, ಅದಕ್ಕೇ ನೀರು ನಿಲ್ಲುತ್ತಿದ್ದದ್ದು. ಉಳಿದದ್ದನ್ನು ಸ್ಲ್ಯಾಬ್‌ನಲ್ಲಿ ಕೆತ್ತಿ ಪೈಪನ್ನು ಕೂರಿಸಿದ್ದರು. ಎರಡು ಕಡೆ ಕಂಬಿ ಕಾಣುತ್ತಿತ್ತು, ತುಕ್ಕು ಹಿಡಿದಿತ್ತು. ಪೈಪಿನ ಸುತ್ತ ಒಡೆದ ಇಟ್ಟಿಗೆ, ಗಾರೆಚೂರು ತುಂಬಿದ್ದರು. ಅದರ ಭಾರ ಚದರ ಮೀಟರಿಗೆ 250 ಕಿಲೊಗೆ ಕಡಿಮೆ ಇಲ್ಲ ಎಂದರು ಇಂಜಿನಿಯರ್. ಮನೆಯ ಸ್ಲ್ಯಾಬ್‌ಗೆ ಜನ, ಮಂಚ, ಬೀರು ಎಲ್ಲಕ್ಕೂ ಸೇರಿ ಸಾಮಾನ್ಯವಾಗಿ ಲೆಕ್ಕ ಇಡುವುದೇ ಚದರ ಮೀಟರಿಗೆ 150ರಿಂದ 200 ಕಿಲೊ ಅಂತೆ. ಬರೀ ಸೋರಿಕೆ ಅಂದುಕೊಂಡಿದ್ದೆವು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕೆಳಗಿನವರು ಮಂಚವನ್ನು ಬೇರೆ ಕೋಣೆಗೆ ಸಾಗಿಸಿದರು.

ಮಾರಿದವರಿಗೆ ಫೋನ್ ಮಾಡಿದೆವು. "ನಾನು ಆರು ವರ್ಷ ಇದ್ದೆ, ನನಗೇನೂ ಆಗಲಿಲ್ಲ" ಎಂದರು. ಎರಡನೇ ಸಲ, "ಬಿಲ್ಡಿಂಗ್‌ನಲ್ಲಿ ಎಲ್ಲರೂ ಮಾಡಿಸಿದ್ದಾರೆ" ಎಂದರು. ಮೂರನೇ ಸಲ ಕರಾರುಪತ್ರ ಓದಿಕೊಳ್ಳಿ ಎಂದರು. ಓದಿದೆವು. ಮನೆಯನ್ನು ಈಗ ಇರುವ ಸ್ಥಿತಿಯಲ್ಲೇ ನೋಡಿ ಒಪ್ಪಿ ಕೊಂಡಿದ್ದೇವೆ ಎಂಬ ಒಂದು ಸಾಲು ಅದರಲ್ಲಿತ್ತು. ನಾವೇ ಸಹಿ ಹಾಕಿದ್ದೆವು. ಆ ಸಾಲು ಇದ್ದ ಮಾತ್ರಕ್ಕೆ ಮುಚ್ಚಿಟ್ಟದ್ದೆಲ್ಲ ಮಾಫಿ ಅಲ್ಲ ಎಂದು ವಕೀಲರು ಹೇಳುತ್ತಾರೆ. ಆದರೆ ಬದಲಾವಣೆ ಅವರೇ ಮಾಡಿಸಿದ್ದು, ಅನುಮತಿ ಇಲ್ಲ ಎಂದು ಗೊತ್ತಿದ್ದೂ ಹೇಳಲಿಲ್ಲ ಎಂದು ನಾವು ತೋರಿಸಬೇಕು. ಅಷ್ಟರೊಳಗೆ ಅಸೋಸಿಯೇಷನ್‌ನ ನೋಟಿಸು ಬಂತು. ಬಂದದ್ದು ನಮ್ಮ ಹೆಸರಿಗೆ. ಯಾರು ಒಡೆಸಿದರು ಅನ್ನುವುದನ್ನು ಯಾರೂ ಕೇಳುವುದಿಲ್ಲ, ಈಗ ಮನೆ ಯಾರದು ಅಂತ ಕೇಳುತ್ತಾರೆ. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಇಲ್ಲೇ.

ಬಾಲ್ಕನಿಯ ವಿಷಯದಲ್ಲಿ ಸ್ವಲ್ಪ ಅದೃಷ್ಟ ಇತ್ತು. ನಮ್ಮದು ಬೀಮು, ಕಾಲಂ ಮೇಲೆ ನಿಂತ ಕಟ್ಟಡ. ಒಡೆದ ಗೋಡೆ ಭಾರ ಹೊರುವ ಗೋಡೆಯಲ್ಲ, ನಡುವೆ ತುಂಬಿಸಿದ ಗೋಡೆ. ಕಾಲಂ ಇಲ್ಲದೆ ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದ ಕಟ್ಟಡಗಳೂ ಇವೆ. ಅಲ್ಲಿ ಕಿಟಕಿ ದೊಡ್ಡದು ಮಾಡುವುದು ಕೂಡ ಕಟ್ಟಡದ ಕಾಲು ಕತ್ತರಿಸಿದ ಹಾಗೆ. ಇನ್ನೊಂದು ವಿಷಯ ನನಗೆ ಹೊಸದು. ಹೊರಗೆ ಚಾಚಿದ ಬಾಲ್ಕನಿಯಲ್ಲಿ ಮುಖ್ಯ ಕಂಬಿ ಇರುವುದು ಸ್ಲ್ಯಾಬ್‌ನ ಮೇಲ್ಭಾಗದಲ್ಲಿ. ನೆಲ ಸಮ ಮಾಡಲು ಮೇಲಿಂದ ಕೆತ್ತಿದರೆ ಪೆಟ್ಟು ಬೀಳುವುದು ಅದಕ್ಕೇ. ನಮಗೆ ಮಾರಿದವರು ಪುಣ್ಯಕ್ಕೆ ಅಲ್ಲಿ ಕೆತ್ತಿಸಿರಲಿಲ್ಲ.

ನೀವು ಮನೆ ನೋಡಲು ಹೋಗುವಾಗ ನಕ್ಷೆಯ ಪ್ರತಿ ಮತ್ತು ಒಂದು ಟೇಪು ಜೊತೆಗಿರಲಿ. ನಾಚಿಕೆ ಬೇಡ. ಗೋಡೆ, ಬಾಗಿಲು, ನಲ್ಲಿ ಎಲ್ಲಿವೆ ಎಂದು ಒಂದೊಂದಾಗಿ ತಾಳೆ ನೋಡಿ. ಇದಕ್ಕಿಂತ ಸುಲಭದ ದಾರಿಯೂ ಇದೆ. ಅದೇ ಸಾಲಿನ ಮೇಲಿನ ಅಥವಾ ಕೆಳಗಿನ ಮನೆಯನ್ನು ಒಮ್ಮೆ ತೋರಿಸಿ ಎಂದು ಕೇಳಿ. ನಾವು ಅವತ್ತು ಒಂದು ಮಹಡಿ ಇಳಿದಿದ್ದರೆ ಬಾತ್‌ರೂಮು ಇರುವ ಜಾಗದಲ್ಲಿ ಮಂಚ ಕಾಣುತ್ತಿತ್ತು. ಕಾರಣವಿಲ್ಲದ ಮೆಟ್ಟಿಲು, ಒಂದೇ ಕೋಣೆಯಲ್ಲಿ ತಗ್ಗಿಸಿದ ಸೀಲಿಂಗ್, ಬೇರೆ ಎಲ್ಲಕ್ಕಿಂತ ಹೊಸದಾಗಿರುವ ಟೈಲ್ಸು ಕಂಡರೆ "ಇದನ್ನು ಯಾವಾಗ ಮಾಡಿಸಿದಿರಿ, ಅನುಮತಿ ಪತ್ರ ಎಲ್ಲಿ" ಎಂದು ಕೇಳಿ. ಬಾಯಿಮಾತಿನ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಏನೇನು ಬದಲಾಯಿಸಿದ್ದಾರೆ ಎಂಬುದು ಕರಾರಿನಲ್ಲೇ ಬರಲಿ. ಪತ್ರ ಕೈಗೆ ಬರುವವರೆಗೆ ಸ್ವಲ್ಪ ಹಣ ಹಿಡಿದಿಡುವುದಕ್ಕೆ ಮಾರುವವರು ಒಪ್ಪದಿದ್ದರೆ ನಾನಾದರೆ ಈಗ ಎದ್ದು ಬರುತ್ತೇನೆ. ಅಸೋಸಿಯೇಷನ್‌ನವರ ಹತ್ತಿರ ಆ ಮನೆಯ ಬಗ್ಗೆ ಹಳೆಯ ದೂರು ಇದೆಯಾ ಎಂದೂ ವಿಚಾರಿಸಿ. ನಮ್ಮ ಮನೆಯ ಮೇಲೆ ಎರಡು ಇತ್ತು.

ಈಗ ಎರಡನೇ ಬಾತ್‌ರೂಮು ಇಲ್ಲ. ಪೈಪು ತೆಗೆಸಿ, ತುಂಬಿದ್ದನ್ನೆಲ್ಲ ಮೂಟೆ ಕಟ್ಟಿ ಇಳಿಸಿ, ಕಂಬಿಯ ತುಕ್ಕು ಉಜ್ಜಿಸಿ, ಇಂಜಿನಿಯರ್ ಹೇಳಿದಂತೆ ಸ್ಲ್ಯಾಬ್ ರಿಪೇರಿ ಮಾಡಿಸಿದ್ದೇವೆ. ಕೆಳಗಿನ ಮನೆಯ ಸೀಲಿಂಗ್‌ಗೆ ಬಣ್ಣ ಹೊಡೆಸಿದ್ದೂ ನಾವೇ. ಎರಡು ಬಾತ್‌ರೂಮಿನ ಮನೆಯ ಬೆಲೆ ಕೊಟ್ಟು, ಒಂದನ್ನು ಒಡೆಸಲು ಮತ್ತೆ ಕೊಟ್ಟೆವು. ಮಾರಿದವರ ಜೊತೆ ವಕೀಲರ ಮೂಲಕ ಮಾತುಕತೆ ನಡೆಯುತ್ತಿದೆ. ಬಾಲ್ಕನಿಯನ್ನು ಸಕ್ರಮ ಮಾಡಿ ಎಂದು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಒಪ್ಪದಿದ್ದರೆ ಗೋಡೆ ಮತ್ತೆ ಕಟ್ಟಿಸಬೇಕು. ಅದರ ಅಳತೆಯಂತೂ ಫೈಲಿನಲ್ಲೇ ಇದೆ.