ಲೌಡ್‌ನೆಸ್ ಈಕ್ವಲೈಸೇಶನ್: ಮಾತಿಗೆ ಸೈ, ಹಾಡಿಗೆ ಅಷ್ಟಕ್ಕಷ್ಟೆ

ಕಂಪ್ಯೂಟರ್‌ನಲ್ಲಿ ಹಾಡು ಕೇಳುವವರಿಗೆಲ್ಲ ಈ ಕಾಟ ಗೊತ್ತು. ಪಿ. ಕಾಳಿಂಗರಾಯರ ಹಳೇ ಭಾವಗೀತೆ ಸರಿಯಾಗಿ ಕೇಳಲಿ ಅಂತ ವಾಲ್ಯೂಮ್ 80ಕ್ಕೆ ಏರಿಸಿರುತ್ತೀರಿ, ಪ್ಲೇಲಿಸ್ಟ್‌ನಲ್ಲಿ ಅದರ ಹಿಂದೆಯೇ ಈಗಿನ ಸಿನಿಮಾದ ಡಾನ್ಸ್ ಹಾಡು ಬರುತ್ತದೆ, ಹೆಡ್‌ಫೋನ್ ಕಿತ್ತು ಬಿಸಾಕಬೇಕು ಅನ್ನಿಸುತ್ತದೆ. ಈಗಿನ ಹಾಡುಗಳಲ್ಲಿ ಮೆಲುದನಿಯನ್ನೂ ಎತ್ತಿ ಎತ್ತಿ ಮೇಲಿನ ಮಿತಿಯ ಹತ್ತಿರ ತಂದು ನಿಲ್ಲಿಸಿರುತ್ತಾರೆ. ಹಳೇ ರೆಕಾರ್ಡಿಂಗ್‌ನಲ್ಲಿ ಹಾಗಿರುವುದಿಲ್ಲ. ಅಷ್ಟೇ ವ್ಯತ್ಯಾಸ.

ಇದಕ್ಕೆ ವಿಂಡೋಸ್‌ನಲ್ಲೇ ಒಂದು ಬಿಟ್ಟಿ ಮದ್ದಿದೆ, ಹೆಸರು ಲೌಡ್‌ನೆಸ್ ಈಕ್ವಲೈಸೇಶನ್. ವಿಂಡೋಸ್ 11ರಲ್ಲಿ ಸೌಂಡ್ ಸೆಟ್ಟಿಂಗ್ಸ್ ತೆಗೆದು ಕೆಳಗಡೆ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಒತ್ತಿ, ನಿಮ್ಮ ಸ್ಪೀಕರ್ ಆರಿಸಿ, ಪ್ರಾಪರ್ಟೀಸ್‌ಗೆ ಹೋಗಿ, ಅಲ್ಲಿ 'ಎನ್‌ಹಾನ್ಸ್‌ಮೆಂಟ್ಸ್' ಅನ್ನುವ ಟ್ಯಾಬ್ ಕಂಡರೆ ಅದರೊಳಗೆ ಇದೇ ಹೆಸರಿನ ಮುಂದೆ ಟಿಕ್ ಹಾಕಿ. ಆ ಟ್ಯಾಬ್ ಎಲ್ಲರಿಗೂ ಕಾಣುವುದಿಲ್ಲ, ಅದು ಸೌಂಡ್ ಡ್ರೈವರ್, ಅಂದರೆ ಸದ್ದಿನ ಚಿಪ್ ನಡೆಸುವ ತಂತ್ರಾಂಶದ ಮೇಲೆ ನಿಂತಿದೆ. ನನ್ನ ಡೆಸ್ಕ್‌ಟಾಪ್‌ನ ರಿಯಲ್‌ಟೆಕ್ ಚಿಪ್‌ನಲ್ಲಿ ಇದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲು ಇತ್ತು, ಒಂದು ಡ್ರೈವರ್ ಅಪ್‌ಡೇಟ್ ಆದಮೇಲೆ ಮಾಯ. ಆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ 'ರೀಸ್ಟಾರ್ಟ್ ಮಾಡಿ ಸರ್' ಅಂದರು. ಮಾಡಿದೆ. ಬರಲಿಲ್ಲ.

ಸರಿ, ಕೆಲಸ ಹೇಗೆ ಮಾಡುತ್ತದೆ? ಸಿನಿಮಾ, ಭಾಷಣ, ಆನ್‌ಲೈನ್ ಕ್ಲಾಸ್ ಇಂಥದ್ದಕ್ಕೆ ನಿಜಕ್ಕೂ ಚೆನ್ನಾಗಿದೆ. ಪಿಸುಮಾತು ಮೇಲೆ ಬರುತ್ತದೆ, ಬಾಂಬ್ ಸದ್ದು ಕೆಳಗಿಳಿಯುತ್ತದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ರಿಮೋಟ್ ಹಿಡಿದುಕೊಂಡೇ ಕೂರಬೇಕಾಗಿಲ್ಲ. ಇಷ್ಟಕ್ಕೇ ಆದರೆ 5ಕ್ಕೆ 5.

ಸಂಗೀತಕ್ಕೆ ಬಂದರೆ ಕಥೆ ಬೇರೆ. ಇದಕ್ಕೆ ಮುಂದೆ ಏನು ಬರುತ್ತದೆ ಗೊತ್ತಿಲ್ಲ, ಈ ಕ್ಷಣದ ಸದ್ದು ನೋಡಿಕೊಂಡು ವಾಲ್ಯೂಮ್ ತಿರುಗಿಸುತ್ತಾ ಹೋಗುತ್ತದೆ. ಪಕ್ಕದಲ್ಲಿ ಯಾರೋ ಕೂತು ಗುಂಡಿ ಹಿಡಿದು ಆಟ ಆಡುತ್ತಿರುವ ಹಾಗೆ. ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿ, ತಕ್ಷಣ ತಿಳಿಯುತ್ತದೆ. ಕಾಳಿಂಗ ನಾವಡರ ಪದ್ಯ ನಡೆಯುತ್ತಿದೆ, ಚೆಂಡೆ ಒಂದು ಪೆಟ್ಟು ಬಿತ್ತು ಅಂದರೆ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ, ಭಾಗವತರ ದನಿಯೂ ಅದರ ಜೊತೆ ಒಳಗೆ ಹೋಗಿ ಆಮೇಲೆ ನಿಧಾನಕ್ಕೆ ಮೇಲೇಳುತ್ತದೆ, ಅಷ್ಟರಲ್ಲಿ ಇನ್ನೊಂದು ಪೆಟ್ಟು. ಚೆಂಡೆಗೆ ಇರಬೇಕಾದ ಏಟೇ ಇಲ್ಲ! ಭೀಮಸೇನ ಜೋಶಿಯವರ ವಿಲಂಬಿತ (ನಿಧಾನಗತಿಯ) ಖಯಾಲ್‌ಗೆ ಇನ್ನೊಂದು ಥರದ ತೊಂದರೆ. ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತಂಬೂರಿಯೂ ಟೇಪಿನ ಸೊರಸೊರವೂ ಉಬ್ಬಿ ಬರುತ್ತವೆ. ಮೆಲ್ಲಗೆ ಶುರುವಾಗಿ ತಾನ್‌ಗಳಲ್ಲಿ ಗುಡುಗುವ ಆ ಏರಿಕೆಯೇ ಅಲ್ವಾ ಅದರ ಸುಖ, ಅದನ್ನೇ ಇದು ಸಪಾಟು ಮಾಡಿಬಿಡುತ್ತದೆ.

ಅದೇ ಎನ್‌ಹಾನ್ಸ್‌ಮೆಂಟ್ಸ್ ಟ್ಯಾಬ್‌ನ ಸೆಟ್ಟಿಂಗ್ಸ್ ಬಟನ್ ಒತ್ತಿದರೆ 'ರಿಲೀಸ್ ಟೈಮ್' ಅಂತ ಒಂದು ಸ್ಲೈಡರ್ ಸಿಗುತ್ತದೆ. ತಗ್ಗಿದ ಸದ್ದು ಎಷ್ಟು ಬೇಗ ಮತ್ತೆ ಮೇಲೆ ಬರಬೇಕು ಅನ್ನುವುದನ್ನು ಅದು ನೋಡಿಕೊಳ್ಳುತ್ತದೆ. ಹಾಡಿಗಾದರೆ ಲಾಂಗ್ ಕಡೆಗೆ ಎಳೆಯಿರಿ, ಮೇಲೆ ಕೆಳಗೆ ಆಡುವುದು ಕಡಿಮೆಯಾಗುತ್ತದೆ. ಮಾತಿಗೆ ಶಾರ್ಟ್ ಕಡೆ ವಾಸಿ.

ಕ್ರಿಯೇಟಿವ್ ಕಂಪನಿಯವರ ಸೌಂಡ್ ಬ್ಲಾಸ್ಟರ್ ಝಡ್ ಥರದ ಸೌಂಡ್ ಕಾರ್ಡ್‌ಗಳಲ್ಲಿ ಸ್ಮಾರ್ಟ್ ವಾಲ್ಯೂಮ್ ಅಂತ ಇದರದೇ ಅಣ್ಣ ಇದ್ದಾನೆ. ಎಷ್ಟು ಬೇಕೋ ಅಷ್ಟೇ ಹಾಕಿಕೊಳ್ಳಬಹುದು, ರಾತ್ರಿಗೆ ನೈಟ್ ಮೋಡ್ ಕೂಡ ಇದೆ. ಆದರೆ ಮಾಡುವ ಕೆಲಸ ಅದೇ ಜಾತಿಯದು. ಇದೊಂದಕ್ಕಾಗಿ ಸುಮ್ನೆ ಕಾರ್ಡ್ ಕೊಳ್ಳಬೇಡಿ.

ಇನ್ನೊಂದು ವಿಷಯ. ಯೂಟ್ಯೂಬ್‌ನಲ್ಲಿ 2023ರಿಂದ 'ಸ್ಟೇಬಲ್ ವಾಲ್ಯೂಮ್' ಬಂದಿದೆ, ಅದೂ ಸದ್ದು ಸಮ ಮಾಡುವುದೇ. ಅದೂ ಲೌಡ್‌ನೆಸ್ ಈಕ್ವಲೈಸೇಶನ್ನೂ ಎರಡೂ ಆನ್ ಇದ್ದರೆ ಹಾಡಿನ ಜೀವವೇ ಹೋಗುತ್ತದೆ, ಒಂದನ್ನು ಆಫ್ ಮಾಡಿ.

ಹಾಗಾದರೆ ಹಾಡಿಗೆ ಏನು ಮಾಡುವುದು? ಡಿಸ್ಕ್‌ನಲ್ಲಿ ನಿಮ್ಮದೇ ಎಂಪಿ3 ರಾಶಿ ಇದ್ದರೆ ರೀಪ್ಲೇಗೇನ್ ಬಳಸಿ. 2001ರಲ್ಲಿ ಡೇವಿಡ್ ರಾಬಿನ್‌ಸನ್ ಮುಂದಿಟ್ಟ ವಿಧಾನ. ಇದು ಇಡೀ ಹಾಡನ್ನು ಮೊದಲೇ ಅಳೆದು, ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅಂತ ಲೆಕ್ಕ ಹಾಕಿ, ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಅನ್ನುವ ಒಂದು ಸಂಖ್ಯೆಯನ್ನು ಫೈಲಿನ ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಪ್ಲೇಯರ್ ಆ ಸಂಖ್ಯೆ ಓದಿ ಹಾಡಿನ ಶುರುವಿನಲ್ಲೇ ವಾಲ್ಯೂಮ್ ಹೊಂದಿಸುತ್ತದೆ, ಆಮೇಲೆ ಮುಟ್ಟುವುದಿಲ್ಲ. ಚೆಂಡೆ ಚೆಂಡೆಯಾಗಿಯೇ ಉಳಿಯುತ್ತದೆ. ಫೂಬಾರ್2000 ಪ್ಲೇಯರ್‌ನಲ್ಲಿ ಹಾಡುಗಳನ್ನೆಲ್ಲ ಆಯ್ದು ರೈಟ್ ಕ್ಲಿಕ್ ಮಾಡಿದರೆ ರೀಪ್ಲೇಗೇನ್ ಸ್ಕ್ಯಾನ್ ಸಿಗುತ್ತದೆ, ಪ್ಲೇಯರ್ ಉಚಿತ. ಬಿಡಿ ಸಿನಿಮಾ ಹಾಡುಗಳಿಗೆ ಟ್ರ್ಯಾಕ್ ಗೇನ್ (ಒಂದೊಂದು ಹಾಡಿಗೂ ಬೇರೆ ಲೆಕ್ಕ) ಹಾಕಿ. ಒಂದೇ ಕಚೇರಿಯ ಆಲ್ಬಮ್ ಆದರೆ ಆಲ್ಬಮ್ ಗೇನ್ (ಇಡೀ ಆಲ್ಬಮ್‌ಗೆ ಒಂದೇ ಲೆಕ್ಕ) ಇಡಿ, ಇಲ್ಲದಿದ್ದರೆ ಹಾಡುವ ವರ್ಣವೂ ಮೃದಂಗದವರ ತನಿ ಆವರ್ತನವೂ ಒಂದೇ ಜೋರಿಗೆ ಬರುತ್ತವೆ.

ರೀಪ್ಲೇಗೇನ್‌ಗೂ ಒಂದು ಕಿರಿಕಿರಿ ಇದೆ. ಕ್ಯಾಸೆಟ್‌ನಿಂದ ಇಳಿಸಿಕೊಂಡ ಹಾಡಿನ ನಡುವೆ ಎಲ್ಲೋ ಒಂದು ಕಡೆ 'ಟಪ್' ಅಂತ ದೊಡ್ಡ ಸದ್ದು ಸೇರಿಕೊಂಡಿದ್ದರೆ, ಅದು ಒಡೆಯಬಾರದು ಅಂತ ಪ್ಲೇಯರ್ ಇಡೀ ಹಾಡನ್ನೇ ಪೂರ್ತಿ ಮೇಲಕ್ಕೆತ್ತುವುದಿಲ್ಲ. ಕ್ಲಿಪ್ಪಿಂಗ್ (ಸದ್ದು ಮಿತಿ ಮೀರಿ ಒಡೆಯುವುದು) ತಡೆಯುವ ಆಯ್ಕೆ ಆನ್ ಇದ್ದಾಗ ಹೀಗಾಗುತ್ತದೆ. ಆ ಟಪ್ ಅನ್ನು ಆಡಾಸಿಟಿ ಅನ್ನುವ ಸದ್ದು ತಿದ್ದುವ ತಂತ್ರಾಂಶದಲ್ಲಿ ಅಳಿಸಿ ಮತ್ತೆ ಸ್ಕ್ಯಾನ್ ಮಾಡುವುದು ವಾಸಿ.

ಹಾಡಿಗೆ ಮಾತ್ರ ನೋಡಿದರೆ ಲೌಡ್‌ನೆಸ್ ಈಕ್ವಲೈಸೇಶನ್‌ಗೆ ನಾನು 5ಕ್ಕೆ 2 ಕೊಡುತ್ತೇನೆ. ಅದರಲ್ಲೂ ಸಿನಿಮಾ ಮುಗಿಸಿ ಹಾಡಿಗೆ ಹೋಗುವಾಗ ಪ್ರತಿಸಲ ಅಷ್ಟು ಕಿಟಕಿ ತೆಗೆದು ಟಿಕ್ ತೆಗೆಯಬೇಕಲ್ಲ, ಅದೇ ದೊಡ್ಡ ಬೇಜಾರು. ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತಿನ ಪಕ್ಕ ಒಂದು ಬಟನ್ ಕೊಟ್ಟಿದ್ದರೆ ಇನ್ನೊಂದು ಅಂಕ ಜಾಸ್ತಿ ಕೊಡುತ್ತಿದ್ದೆ.