ಕ್ಯಾಂಪರ್ ಟ್ಯಾಂಕ್‌ಗೆ ಕುಡಿಯೋ ನೀರಿನ ಹೋಸ್, ಒಂದು ಸೀಸನ್ ಬಳಸಿದ ಮೇಲೆ

ಮೊದ್ಲು ನಮ್ಮ ಕ್ಯಾಂಪರ್ (ಮಲಗೋಕೆ, ಅಡುಗೆಗೆ ಜಾಗ ಇರೋ ಪ್ರವಾಸದ ಗಾಡಿ) ಟ್ಯಾಂಕನ್ನ ಗಿಡಕ್ಕೆ ನೀರು ಬಿಡೋ ಪೈಪಲ್ಲೇ ತುಂಬಿಸ್ತಿದ್ವಿ, ನೀರೆಲ್ಲಾ ರಬ್ಬರ್ ವಾಸನೆ, ಮಕ್ಳು ಬಾಯಿಗೇ ಇಡ್ತಿರ್ಲಿಲ್ಲ. ಈ ಫುಡ್ ಗ್ರೇಡ್ (ಕುಡಿಯೋ ನೀರಿಗೆ ಬಳಸ್ಬಹುದಾದ) ಹೋಸ್ ತಗೊಂಡ್ಮೇಲೆ ಆ ವಾಸನೆ ಪೂರ್ತಿ ಹೋಯ್ತು, ಅದಕ್ಕೇ 4 ಸ್ಟಾರ್. ಒಂದು ಕಟ್ ಮಾಡಿದ್ದು ಯಾಕಂದ್ರೆ ಚಳಿಯಲ್ಲಿ ಗಟ್ಟಿಯಾಗಿ ನಲ್ಲಿ ಹತ್ರ ಮಡಚ್ಕೊಳತ್ತೆ, ನೀರು ನಿಂತೇಹೋಗತ್ತೆ.

ಆದ್ರೆ ಹೋಸ್ ಒಂದೇ ಸಾಲಲ್ಲ, ಟ್ಯಾಂಕ್ ಒಳಗೆ ಪಾಚಿ ಲೋಳೆ ಇದ್ರೆ ಏನು ಪ್ರಯೋಜನ. ನಾನು ಮಾಡೋದು ಹೀಗೆ, ವಾಟರ್ ಹೀಟರ್ ಬೈಪಾಸ್ ಮಾಡಿ (ಅಂದ್ರೆ ನೀರು ಅದರೊಳಗೆ ಹೋಗದ ಹಾಗೆ ತಿರುಗಿಸಿ) ಫಿಲ್ಟರ್ ತೆಗೆದಿಟ್ಟು, 60 ಲೀಟರ್ ಟ್ಯಾಂಕ್‌ಗೆ ಸುಮಾರು 60 ಎಂಎಲ್ ಲೆಕ್ಕದಲ್ಲಿ ವಾಸನೆ ಸೇರಿಸದ ಮಾಮೂಲಿ ಬ್ಲೀಚನ್ನ ಒಂದು ಬಕೆಟ್ ನೀರಲ್ಲಿ ಕಲಸಿ ಹಾಕಿ, ಟ್ಯಾಂಕ್ ತುಂಬಿಸಿ, ಪಂಪ್ ಆನ್ ಮಾಡಿ ಪ್ರತಿ ನಲ್ಲೀಲೂ, ಬಿಸಿನೀರಿನ ಕಡೆ, ಶವರ್ ಎಲ್ಲಾ ಕಡೆ ಕ್ಲೋರಿನ್ ವಾಸನೆ ಬರೋವರೆಗೂ ಬಿಡ್ತೀನಿ. ರಾತ್ರಿ ಪೂರ್ತಿ ಹಾಗೇ ಬಿಟ್ಟು ಬೆಳಿಗ್ಗೆ ಖಾಲಿ ಮಾಡಿ ಇದೇ ಹೋಸಲ್ಲಿ ಎರಡ್ಮೂರು ಸಲ ಒಳ್ಳೇ ನೀರು ತುಂಬಿಸಿ ತೊಳಿಯೋದು, ವಾಸನೆ ಹೋಗೋವರೆಗೂ. ದಯವಿಟ್ಟು ಬ್ಲೀಚ್ ಜೊತೆ ವಿನೆಗರ್ ಮಾತ್ರ ಸೇರಿಸ್ಬೇಡಿ, ವಿಷದ ಗ್ಯಾಸ್ ಬರತ್ತೆ.

ಹೋಸ್ ಬಗ್ಗೆ ಇನ್ನೊಂದು, ಬಳಸಿದ್ಮೇಲೆ ನೀರು ಪೂರ್ತಿ ಸುರಿದು ಎರಡೂ ತುದಿ ಒಂದಕ್ಕೊಂದು ಸಿಕ್ಕಿಸಿಡಿ, ಹುಳ ಧೂಳು ಒಳಗೆ ಹೋಗಲ್ಲ. ಟಾಯ್ಲೆಟ್, ಸಿಂಕ್ ನೀರು ಸೇರೋ ಗಲೀಜು ಟ್ಯಾಂಕ್ ತೊಳಿಯೋಕೆ ಬೇರೆ ಪೈಪೇ ಇಟ್ಕೊಳ್ಳಿ, ಇದನ್ನ ಅಲ್ಲಿಗೆ ತರ್ಲೇಬೇಡಿ.