ವಾರಕ್ಕೆ ಎಷ್ಟು ಪೆಗ್: ಬ್ರಿಟನ್ ಲೆಕ್ಕವೋ, ಕೆನಡಾ ಲೆಕ್ಕವೋ?

ಕುಡಿತ ಕಡಿಮೆ ಮಾಡಬೇಕು ಅಂದುಕೊಂಡಿದ್ದೀರಾ? ಯಾರ ಲೆಕ್ಕ ಹಿಡಿಯುತ್ತೀರಿ ಅನ್ನೋದು ಮುಖ್ಯ.

ಬ್ರಿಟನ್ 2016ರಲ್ಲಿ ಹೇಳಿದ್ದು: ವಾರಕ್ಕೆ 14 ಯೂನಿಟ್ ದಾಟಬೇಡಿ. ಒಂದು ಯೂನಿಟ್ ಅಂದರೆ 8 ಗ್ರಾಂ ಆಲ್ಕೋಹಾಲ್. ಕೆನಡಾದ 2023ರ ಸಲಹೆ ತುಂಬಾ ಬಿಗಿ. ವಾರಕ್ಕೆ 1-2 ಡ್ರಿಂಕ್ ಆದರೆ ಅಪಾಯ ಕಡಿಮೆ, 3-6 ಮಧ್ಯಮ, 7 ಮುಟ್ಟಿದರೆ ಜಾಸ್ತಿ. ಅಲ್ಲಿನ ಡ್ರಿಂಕ್ ಸುಮಾರು 13.5 ಗ್ರಾಂ.

ಇದನ್ನು ನಮ್ಮ ಪೆಗ್ಗಿಗೆ ಇಳಿಸಿ ನೋಡಿ. 42.8% ವಿಸ್ಕಿಯ 60 ಎಂ.ಎಲ್. ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಬ್ರಿಟನ್ ಮಿತಿ ಅಂದರೆ ವಾರಕ್ಕೆ ಹೆಚ್ಚುಕಮ್ಮಿ ಐದೂವರೆ ಲಾರ್ಜ್. ಕೆನಡಾದ ಕಡಿಮೆ ಅಪಾಯದ ಮಟ್ಟ? ಒಂದು ಲಾರ್ಜ್, ಮೇಲೆ ಒಂಚೂರು, ಅಷ್ಟೇ. ಬ್ರಿಟನ್ನಿನ 14 ಯೂನಿಟ್ ಕೆನಡಾದಲ್ಲಿ ಜಾಸ್ತಿ ಅಪಾಯದ ಸಾಲಿಗೇ ಸೇರುತ್ತದೆ!

ನನಗೆ ಕೆನಡಾದ್ದೇ ಇಷ್ಟ. ಅದು ಒಂದೇ ಗೆರೆ ಎಳೆಯದೆ ಮೆಟ್ಟಿಲು ತೋರಿಸುತ್ತದೆ, ಒಂದು ಮೆಟ್ಟಿಲು ಇಳಿದರೂ ಲಾಭವೇ ಅಲ್ವಾ? ಈಗ ತುಂಬಾ ಕುಡಿಯುವವರಿಗೆ ಬ್ರಿಟನ್ ಮಿತಿ ಮೊದಲ ಗುರಿಯಾಗಲಿ. ಗರ್ಭಿಣಿಯರಿಗೆ ಎರಡೂ ಕಡೆ ಒಂದೇ ಮಾತು: ಸೊನ್ನೆಯೇ ಸುರಕ್ಷಿತ. ದಿನಾ ಜಾಸ್ತಿ ಕುಡಿಯುವವರು ಮಾತ್ರ ಏಕಾಏಕಿ ಬಿಡಬೇಡಿ, ಫಿಟ್ಸ್ ಬರಬಹುದು. ಮೊದಲು ಡಾಕ್ಟರ್ ಹತ್ತಿರ ಹೋಗಿ.